ಪರಪ್ಪನ ಅಗ್ರಹಾರದ ಖರ್ಚು ಯಾರದು?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಜೈಲಿನ ಖರ್ಚಿನ ವಿಚಾರಕ್ಕೆ ಸ್ಥಳೀಯ ಆಡಳಿತಗಳು ರಾಜ್ಯ ಸರ್ಕಾರದ ಮೇಲೆಯೇ ಕೇಸು ಹಾಕುತ್ತವಂತೆ. ನಮ್ಮ ಆಸ್ತಿ ತೆರಿಗೆಯಲ್ಲಿ ಪರಪ್ಪನ ಅಗ್ರಹಾರಕ್ಕೂ ಪಾಲು ಹೋಗುತ್ತದೆಯೇ? ಹೋಗುವುದಾದರೆ ಪಾಲಿಕೆ ಯಾಕೆ ಸುಮ್ಮನಿದೆ?

ಇಲ್ಲ, ಹೋಗುವುದಿಲ್ಲ. ಆಸ್ತಿ ತೆರಿಗೆಯ ಜೊತೆ ನೀವು ಗ್ರಂಥಾಲಯದ ಸೆಸ್ ಕಟ್ಟುತ್ತೀರಿ, ಭಿಕ್ಷುಕರ ಸೆಸ್ ಕೂಡ ಕಟ್ಟುತ್ತೀರಿ. ಜೈಲಿಗೆಂದು ಏನೂ ಕಟ್ಟುವುದಿಲ್ಲ. ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 4ನೆಯದೇ ಜೈಲು. ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳು 12ನೇ ಅನುಸೂಚಿಯಲ್ಲಿವೆ. ಅದರಲ್ಲಿ ಸ್ಮಶಾನವಿದೆ, ದನದ ದೊಡ್ಡಿಯೂ ಇದೆ, ಜೈಲಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ವಿಚಾರಣೆಗೆ ಕಾಯುತ್ತಿರುವವರನ್ನು ಇಡುವ ಜೈಲು ಬಹುತೇಕ ಕಡೆ ಕೌಂಟಿಯದು, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ್ದು. ದೊಡ್ಡ ಶಿಕ್ಷೆಯಾದವರ ಸೆರೆಮನೆ ರಾಜ್ಯದ್ದು. ರಾಜ್ಯ ತನ್ನ ಕೈದಿಗಳನ್ನು ಕೌಂಟಿ ಜೈಲಿನಲ್ಲೇ ಬಿಟ್ಟರೆ ಅವರ ಊಟ, ಔಷಧದ ಬಿಲ್ಲು ಯಾರು ಕಟ್ಟಬೇಕು ಎಂಬುದೇ ತಕರಾರು. ಕ್ಯಾಲಿಫೋರ್ನಿಯಾದ ಸೆರೆಮನೆಗಳ ದಟ್ಟಣೆಯನ್ನು ಸಾಮರ್ಥ್ಯದ ಶೇ 137.5ಕ್ಕೆ ಇಳಿಸಬೇಕೆಂಬ ಆದೇಶವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ರಾಜ್ಯವು ಹಲವು ಬಗೆಯ ಅಪರಾಧಿಗಳ ಹೊಣೆಯನ್ನು ಕೌಂಟಿಗಳಿಗೆ ದಾಟಿಸಿತು. ಅದಕ್ಕೆ ಬೇಕಾದ ಹಣದ ಖಾತರಿ 2012ರಲ್ಲಿ ಮತದಾರರ ಒಪ್ಪಿಗೆ ಪಡೆದು ರಾಜ್ಯದ ಸಂವಿಧಾನಕ್ಕೇ ಸೇರಿತು.

ನಮ್ಮಲ್ಲಿ ಜೈಲಿನ ಖರ್ಚು ನೋಡುವ ಖಜಾನೆ ಒಂದೇ, ಅದು ರಾಜ್ಯದ್ದು, ಹಾಗಾಗಿ ಈ ಜಗಳವಿಲ್ಲ. ಅದರಿಂದ ನನಗೇನೂ ಸಮಾಧಾನವಿಲ್ಲ. ದುಡ್ಡು ಸಾಲದೆ ಬಂದಾಗ ರಾಜ್ಯವನ್ನು ಹಿಡಿದು ಕೇಳುವ ಇನ್ನೊಂದು ಆಡಳಿತವೇ ಇಲ್ಲ. ಕೇಳಬೇಕಾದವರು ಕಂಬಿಯ ಹಿಂದಿದ್ದಾರೆ.

ಒಬ್ಬರು ಅಲ್ಲಿಂದಲೇ ಕೇಳಿದರು. ಸೆಂಟ್ರಲ್ ಜೈಲು ಈಗಿನ ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿದ್ದ ಕಾಲ. ಅಲ್ಲಿನ ಕೈದಿಯೊಬ್ಬರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಕಾಗದ ಬರೆದರು: ಹೈಕೋರ್ಟ್ ಹೇಳಿದ್ದರೂ ದುಡಿದದ್ದಕ್ಕೆ ಕೂಲಿ ಕೊಡುತ್ತಿಲ್ಲ, ಕೊಡುವ ಊಟ ಕೊಳಕು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಜಿಲ್ಲಾ ನ್ಯಾಯಾಧೀಶರಿಂದ ಜೈಲಿನ ವರದಿ ತರಿಸಿಕೊಂಡಿತು. ರಾಮಮೂರ್ತಿ ಪ್ರಕರಣವೆಂದೇ ಹೆಸರಾದ 1996ರ ಆ ತೀರ್ಪು ದಟ್ಟಣೆ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಊಟ ಬಟ್ಟೆಯ ಕೊರತೆ ಸೇರಿ 9 ಸಮಸ್ಯೆಗಳನ್ನು ಎತ್ತಿ ಹೇಳಿತು. ಇಡೀ ದೇಶದ ಜೈಲುಗಳ ವಿಚಾರದಲ್ಲಿ ವಕೀಲರು ಇಂದಿಗೂ ಅದನ್ನು ಮುಂದಿಡುತ್ತಾರೆ.

ಪಾಲಿಕೆ ಕೇಳಲಾರದ ಲೆಕ್ಕವನ್ನು ನೀವು ಕೇಳಬಹುದು. ರಾಜ್ಯ ಬಜೆಟ್ಟಿನಲ್ಲಿ ಜೈಲುಗಳ ಲೆಕ್ಕ ಶೀರ್ಷಿಕೆ 2056. ಅದನ್ನು ತೆರೆದಾಗ ಮೊತ್ತ ನೋಡಿ ನಿಲ್ಲಿಸಬೇಡಿ. ಅದರಲ್ಲಿ ಸಿಬ್ಬಂದಿಯ ಸಂಬಳಕ್ಕೆ ಎಷ್ಟು, ಕೈದಿಗಳ ಊಟ, ಔಷಧಕ್ಕೆ ಎಷ್ಟು ಎಂದು ನಿಮ್ಮ ಕ್ಷೇತ್ರದ ಶಾಸಕರನ್ನು ಕೇಳಿ.