ಕೆಲಿರಿಕ್ಕೊ: ರಸ್ತೆ ಕೆಡುವ ಕಾಲಕ್ಕೊಂದು ಹೆಸರು

ಚಳಿಗಾಲ ಮುಗಿದು ಹಿಮ ಕರಗತೊಡಗಿದರೆ ಫಿನ್ಲೆಂಡಿನ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೆಲಿರಿಕ್ಕೊ. ಈ ಪದ ನನಗೆ ತುಂಬಾ ಇಷ್ಟ. ರಸ್ತೆ ಕೆಡುವುದಕ್ಕೆ ಅಂತಲೇ ಒಂದು ಕಾಲ ಇದೆ, ಆ ಕಾಲಕ್ಕೊಂದು ಹೆಸರೂ ಇದೆ.

'ಕೆಲಿ' ಅಂದರೆ ಹವೆ, ನೆಲ ಎರಡೂ ಸೇರಿ ಈಗ ಓಡಾಟಕ್ಕೆ ಹೇಗಿದೆ ಅನ್ನುವುದು. ಗಾಡಿ ಓಡಿಸಲು ಒಂದು ಕೆಲಿ, ಸ್ಕೀ ಮಾಡಲು ಇನ್ನೊಂದು ಕೆಲಿ. 'ರಿಕ್ಕೊ' ಅಂದರೆ ಮುರಿಯುವುದು. ಕರಾವಳಿಯ ದ್ವೀಪಗಳಲ್ಲೂ ಇದೇ ಪದ ಬಳಸುತ್ತಾರೆ. ಸಮುದ್ರದ ಮೇಲಿನ ಮಂಜುಗಡ್ಡೆ ನಡೆಯಲು ತೀರಾ ತೆಳು, ದೋಣಿ ಬಿಡಲು ತೀರಾ ದಪ್ಪ. ಅಂಥ ದಿನಗಳೂ ಕೆಲಿರಿಕ್ಕೊ.

ರಸ್ತೆಯ ಕಥೆ ಶುರುವಾಗುವುದು ಚಳಿಗಾಲದಲ್ಲೇ. ಹಿಮಕ್ಕೆ ಕಂಬಳಿಯ ಗುಣ ಇದೆ, ಅದು ಹೊದ್ದ ನೆಲ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಆದರೆ ರಸ್ತೆಯ ಮೇಲಿನ ಹಿಮವನ್ನು ತಳ್ಳಿಬಿಡುತ್ತಾರೆ. ಕಂಬಳಿ ಹೋದ ಮೇಲೆ ಅಡಿಯ ಮಣ್ಣು ಪಕ್ಕದ ಹೊಲಕ್ಕಿಂತ ಜಾಸ್ತಿ ಆಳಕ್ಕೆ ಹೆಪ್ಪುಗಟ್ಟುತ್ತದೆ. ಹೀಗೆ ಹೆಪ್ಪಾದ ನೆಲಕ್ಕೆ ಅವರು 'ರೌತಾ' ಅನ್ನುತ್ತಾರೆ.

ನೀರು ಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಅದಕ್ಕೇ ರಸ್ತೆ ಉಬ್ಬುತ್ತದೆ ಅಂತ ನಮಗೆ ಅನ್ನಿಸುತ್ತದೆ ಅಲ್ವಾ? ಅಷ್ಟೇ ಆಗಿದ್ದರೆ ಇಷ್ಟೊಂದು ಉಬ್ಬುತ್ತಿರಲಿಲ್ಲ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1930ರ ಸುಮಾರಿಗೆ ಮಣ್ಣಿಗೆ ನೀರಿನ ಬದಲು ಬೆಂಜೀನ್ ಉಣಿಸಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪಾಗುವಾಗ ಕುಗ್ಗುವ ದ್ರವ. ಆದರೂ ಮಣ್ಣು ಉಬ್ಬಿತು! ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಹೆಪ್ಪಾಗುತ್ತಿರುವ ಮಣ್ಣು ಕೆಳಗಿನಿಂದ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಆ ನೀರು ಪದರ ಪದರವಾಗಿ ಗಡ್ಡೆ ಕಟ್ಟುತ್ತದೆ. ಅಂಥ ನೆಲದ ಒಂದು ಹೆಂಟೆಯನ್ನು ಸೀಳಿದರೆ ಚಿರೋಟಿಯ ಹಾಗೆ ಮಣ್ಣು, ಗಡ್ಡೆ, ಮತ್ತೆ ಮಣ್ಣು, ಮತ್ತೆ ಗಡ್ಡೆ ಕಾಣುತ್ತದೆ. ಹಿಟ್ಟಿನಂಥ ನುಣುಪು ಮಣ್ಣಿನಲ್ಲಿ ಈ ಕಾಟ ಜಾಸ್ತಿ. ಮರಳಿಗೆ ಅಷ್ಟು ಹೀರುವ ಶಕ್ತಿ ಇಲ್ಲ. ಜೇಡಿಯಲ್ಲಿ ನೀರು ತೀರಾ ನಿಧಾನ.

ಬಿಸಿಲು ಬಂದಾಗ ಕರಗುವುದು ಮೊದಲು ಮೇಲಿನ ಪದರ. ಕೆಳಗೆ ಇನ್ನೂ ಗಡ್ಡೆ, ನೀರಿಗೆ ಇಂಗಲು ದಾರಿಯೇ ಇಲ್ಲ. ಬರೀ ಮೇಲಿನ ಕೆಲವು ಇಂಚು ರಾಡಿಯಾದರೆ ಅದು 'ಪಿಂತಾಕೆಲಿರಿಕ್ಕೊ', ಅಂದರೆ ಮೈಮೇಲಿನದು. ನಾಲ್ಕು ದಿನ ಬಿಸಿಲು, ಗಾಳಿ ಸಿಕ್ಕರೆ ಒಣಗುತ್ತದೆ. ಒಡಲೇ ಅಂಬಲಿಯಾದರೆ ಅದು 'ರುಂಕೊಕೆಲಿರಿಕ್ಕೊ'. ಆಗ ಹೂತ ಕಲ್ಲುಗಳು ಮೇಲೇಳುತ್ತವೆ, ಚಕ್ರ ಅಚ್ಚಿನವರೆಗೆ ಇಳಿಯುತ್ತದೆ. ನಮ್ಮ ಮಲೆನಾಡಿನ ಮಣ್ಣುರಸ್ತೆಯಲ್ಲಿ ಆಷಾಢದಲ್ಲಿ ಜೀಪು ತಳ್ಳಿದವರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ.

ಫಿನ್ಲೆಂಡಿನ ಸರ್ಕಾರಿ ರಸ್ತೆಗಳು ಸುಮಾರು 78,000 ಕಿಲೋಮೀಟರ್, ಅದರಲ್ಲಿ 27,000ದಷ್ಟು ಜಲ್ಲಿ ರಸ್ತೆ. ಮರದ ದಿಮ್ಮಿ ಹೊರುವ ಲಾರಿಗಳಿಗೆ 2013ರಿಂದ 76 ಟನ್‌ವರೆಗೆ ಅನುಮತಿ ಇದೆ. ಹಾಗಾಗಿ ರಸ್ತೆ ಮೆತ್ತಗಾದ ಕಡೆ ತೂಕ ಮಿತಿಯ ಫಲಕ ನೆಡುತ್ತಾರೆ. 12 ಟನ್ ಅಂತ ಬರೆದಿದ್ದರೆ ದಿಮ್ಮಿ ಲಾರಿ ನಿಂತ ಹಾಗೇ. ಇದು ಸುಮ್ನೆ ಕೊಡುವ ಕಿರುಕುಳ ಅಲ್ಲ. ಮೆತ್ತಗಿರುವಾಗ ಒಂದು ಭಾರಿ ಲಾರಿ ಹೋದರೂ ಸಾಕು, ಬೇಸಿಗೆಯಿಡೀ ಸರಿಪಡಿಸುವ ಕೆಲಸ ಬೀಳುತ್ತದೆ.

ದುರಸ್ತಿ ಮಾಡುವಾಗ ಮನಸ್ಸಿಗೆ ಮೊದಲು ಬರುವುದೇ ತಪ್ಪು ಕೆಲಸ: ಹೊಂಡಕ್ಕೆ ಜಲ್ಲಿ ಸುರಿಯುವುದು. ರಾಡಿ ಅದನ್ನು ನುಂಗಿಬಿಡುತ್ತದೆ. ತೀರಾ ಅಗತ್ಯವಿದ್ದ ಕಡೆ ಮಾತ್ರ ದಪ್ಪ ಜಲ್ಲಿ ಹಾಕಿ ದಾರಿ ಉಳಿಸಿಕೊಳ್ಳಬೇಕು. ನಿಜವಾದ ದುರಸ್ತಿ ನೆಲ ಒಣಗಿದ ಮೇಲೆ. ಮೆತ್ತನೆಯ ಜಾಗದಲ್ಲಿ ಸೋಸುಬಟ್ಟೆ ಹಾಸಿ, ಮೇಲೆ ಜಲ್ಲಿಯ ದಪ್ಪ ಪದರ ಹಾಕುತ್ತಾರೆ. ಬಟ್ಟೆ ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ, ಜಲ್ಲಿ ಕೆಳಗಿಳಿಯುವುದಿಲ್ಲ. ಕೆಟ್ಟ ಜಾಗ ಚಿಕ್ಕದಾದರೆ ಆ ನುಣುಪು ಮಣ್ಣನ್ನೇ ತೋಡಿ ತೆಗೆಯುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಕೆಲಸ ಚರಂಡಿ. ನನ್ನ ಕೇಳಿದರೆ ಅರ್ಧ ರೋಗಕ್ಕೆ ಮದ್ದು ಅಲ್ಲೇ ಇದೆ. ಚಳಿ ನಮ್ಮ ಕೈಯಲ್ಲಿಲ್ಲ, ಅಡಿಯ ಮಣ್ಣನ್ನೆಲ್ಲ ಬದಲಿಸುವಷ್ಟು ದುಡ್ಡಿರುವುದಿಲ್ಲ. ನೀರನ್ನು ದೂರ ಇಡುವುದು ಮಾತ್ರ ಸಾಧ್ಯ. ಚರಂಡಿ ಆಳವಾಗಿರಬೇಕು, ರಸ್ತೆಯ ನಡು ಎತ್ತರವಾಗಿ ನೀರು ಎರಡೂ ಬದಿಗೆ ಹರಿಯಬೇಕು, ಅಡ್ಡ ಮೋರಿಯ ಬಾಯಿ ತೆರೆದಿರಬೇಕು. ಮೋರಿ ಒಳಗೇ ಗಡ್ಡೆ ಕಟ್ಟಿದ್ದರೆ ಬಿಸಿ ಹಬೆ ಬಿಟ್ಟು ಕರಗಿಸುತ್ತಾರೆ. ಖಾಸಗಿ ರಸ್ತೆಗಳಲ್ಲಿ ಈ ಕೆಲಸವನ್ನು 'ತಿಏಕುಂತಾ', ಅಂದರೆ ಆ ದಾರಿ ಬಳಸುವ ಮನೆಗಳವರ ಸಂಘ, ಹಣ ಹಾಕಿ ಮಾಡಿಸುತ್ತದೆ. ಜಾಸ್ತಿ ಬಳಸುವವರು ಜಾಸ್ತಿ ಕೊಡಬೇಕು.

ಕೊನೆಗೆ ಗ್ರೇಡರ್ ಬರುತ್ತದೆ. ಅವರ ಭಾಷೆಯಲ್ಲಿ ಅದರ ಹೆಸರಿಗೆ 'ರಸ್ತೆಯ ಉಜ್ಜುಗೊರಡು' ಅಂತಲೇ ಅರ್ಥ. ಬಡಗಿ ಹಲಗೆ ಹೆರೆದ ಹಾಗೆ ಅದು ಗುಂಡಿಯ ತಳದವರೆಗೂ ಹೆರೆದು, ನಡುವಿಗೆ ಮಣ್ಣು ಎಳೆದು ಇಳಿಜಾರು ಕೊಡುತ್ತದೆ. ಮೇಲೆ ಇನ್ನೂ ಒಂದಿಷ್ಟು ತೇವ ಇರುವಾಗಲೇ ಇದು ಆಗಬೇಕು, ಪೂರ್ತಿ ಒಣಗಿದರೆ ಮಣ್ಣು ಕೂರುವುದಿಲ್ಲ. ಧೂಳು ಏಳದಂತೆ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು ಹಾಕುತ್ತಾರೆ. ಅಷ್ಟರಲ್ಲಿ ತೂಕ ಮಿತಿಯ ಫಲಕವನ್ನೂ ಕಿತ್ತಿರುತ್ತಾರೆ, ದಿಮ್ಮಿ ಲಾರಿಗಳು ಮತ್ತೆ ಕಾಡಿನ ಕಡೆ ಹೊರಡುತ್ತವೆ.