ಹಾಡಿನ ಪಾಠದಲ್ಲಿ ಮಕ್ಕಳನ್ನು ನಡೆಸಬೇಕಾ?

ಪ್ರಶ್ನೆ: ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ಮಕ್ಕಳನ್ನು ಓಡಾಡಿಸಿ ಕಲಿಸಿ ಎನ್ನುತ್ತಾರೆ. ಅದರಿಂದ ಸಂಗೀತ ಬರುತ್ತದಾ, ಇಲ್ಲಾ ಸುಮ್ನೆ ಗಲಾಟೆ ಜಾಸ್ತಿ ಆಗುತ್ತದಾ?

ಉತ್ತರ: ಎರಡೂ ಆಗಬಹುದು. ಮಕ್ಕಳು ಏನನ್ನು ಕೇಳಿಸಿಕೊಂಡು ಹೆಜ್ಜೆ ಇಡುತ್ತಿದ್ದಾರೆ ಅನ್ನುವುದೇ ಮುಖ್ಯ.

ಸ್ವಿಸ್ ಸಂಗೀತಗಾರ ಎಮಿಲ್ ಜಾಕ್-ಡಾಲ್‌ಕ್ರೋಜ್ 1892ರಲ್ಲಿ ಜಿನೀವಾದ ಸಂಗೀತ ಶಾಲೆಯಲ್ಲಿ ಮೇಷ್ಟರಾದರು. ಅವರ ವಿದ್ಯಾರ್ಥಿಗಳು ಸ್ವರಗಳನ್ನು ಕಾಗದದ ಮೇಲೆ ಸರಿಯಾಗಿ ಬರೆಯುತ್ತಿದ್ದರು. ಆದರೆ ಬರೆದದ್ದು ಅವರ ಮನಸ್ಸಿಗೆ ಕೇಳಿಸುತ್ತಿರಲಿಲ್ಲ. ಆಗ ಅವರು ಸಂಗೀತಕ್ಕೆ ತಕ್ಕಂತೆ ನಡೆಸಿ ಕಲಿಸಲು ಶುರುಮಾಡಿದರು. ಅದೇ ಯುರಿದ್ಮಿಕ್ಸ್ ಪದ್ಧತಿ.

ನಮಗೂ ಇದು ಪೂರ್ತಿ ಹೊಸದಲ್ಲ, ಅಲ್ವಾ? ಕರ್ನಾಟಕ ಸಂಗೀತದ ಆದಿತಾಳಕ್ಕೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ (ಹುಸಿ ಅಂದರೆ ಸದ್ದಿಲ್ಲದೆ ಕೈ ತಿರುವುವುದು). ಎಂಟು ಅಕ್ಷರವನ್ನು, ಅಂದರೆ ಎಂಟು ಎಣಿಕೆಯನ್ನು, ನಮ್ಮ ಮಕ್ಕಳು ಕೈಯಲ್ಲೇ ಕಲಿಯುತ್ತಾರೆ.

ಮೊದಲ ದಿನ ಮಗು ತನ್ನಿಷ್ಟದಂತೆ ನಡೆಯಲಿ, ಅದರ ಹೆಜ್ಜೆಗೆ ನೀವು ತಟ್ಟಿ. ಪುಟ್ಟ ಕಾಲಿನ ನಡಿಗೆ ನಿಮ್ಮದಕ್ಕಿಂತ ಚುರುಕು. ಆಮೇಲೆ ನೀವು ತಟ್ಟಿದಂತೆ ಮಕ್ಕಳು ನಡೆಯಲಿ. ಪೆಟ್ಟು ನಿಂತರೆ ಎಲ್ಲರೂ ನಿಲ್ಲಬೇಕು. ಗಲಾಟೆ ಮಾಡಿದರೆ ಪೆಟ್ಟು ಕೇಳಿಸುವುದಿಲ್ಲ ಎಂದು ಅವರಿಗೇ ಬೇಗ ತಿಳಿಯುತ್ತದೆ.

ನಡಿಗೆ ತುಂಬಾ ನೆರವಾಗುವುದು ಕಾಲ, ಅಂದರೆ ಹಾಡುವ ವೇಗ, ಬದಲಿಸುವಾಗ. ಸರಳೆ ವರಸೆಯಲ್ಲಿ (ಮೊದಮೊದಲ ಸ್ವರಪಾಠ) ಎರಡನೇ ಕಾಲ, ಅಂದರೆ ಇಮ್ಮಡಿ ವೇಗ, ಎಂದೊಡನೆ ಮಕ್ಕಳು ತಾಳವನ್ನೇ ಓಡಿಸುತ್ತಾರೆ. ಆಗ ನಡೆಸಿ ನೋಡಿ. ಹೆಜ್ಜೆಗೆ ಒಂದು ಸ್ವರ, ನಂತರ ಎರಡು, ನಂತರ ನಾಲ್ಕು. ಹೆಜ್ಜೆ ಹಾಗೇ ಇರಬೇಕು, ನಾಲಿಗೆ ಮಾತ್ರ ಚುರುಕಾಗಬೇಕು. ಬೆರಳು ಓಡಿದ್ದು ಮಗುವಿಗೆ ತಿಳಿಯದೇ ಹೋಗಬಹುದು. ಕಾಲು ಓಡಿದರೆ ಮುಂದಿನವರಿಗೆ ಡಿಕ್ಕಿ ಹೊಡೆಯುತ್ತದೆ!

ಒಂದು ತಪ್ಪು ಮಾತ್ರ ಮಾಡಬೇಡಿ. ಎದುರು ನಿಂತು ನೀವೇ ಕುಣಿದು ತೋರಿಸಿದರೆ ಮಕ್ಕಳು ನಿಮ್ಮನ್ನು ನೋಡಿ ಮಾಡುತ್ತಾರೆ, ಕೇಳಿ ಅಲ್ಲ. ಹಿಂದೆ ನಿಂತು ತಟ್ಟಿ. ಬೆಂಚು ತುಂಬಿದ ಕೋಣೆಯಾದರೆ ನಿಂತಲ್ಲೇ ಹೆಜ್ಜೆ ಸಾಕು. ನಡೆಯಲಾಗದ ಮಗು ತೊಡೆ ತಟ್ಟಲಿ, ಕೆಲವೊಮ್ಮೆ ಎಲ್ಲರಿಗೂ ತಾಳ ತಟ್ಟುವ ಕೆಲಸ ಅದರದ್ದೇ ಆಗಲಿ.

ಲಯ ಒಳಗೆ ಇಳಿದಿದೆಯಾ ಎಂದು ನೋಡಬೇಕಾ? ಎಂಟು ಹೆಜ್ಜೆ ನಡೆಸಿ. ಮುಂದಿನ ಎಂಟನ್ನು ನಿಂತಲ್ಲೇ, ಸದ್ದಿಲ್ಲದೆ, ಮನಸ್ಸಿನಲ್ಲೇ ಎಣಿಸಲಿ. ನೀವೂ ತಟ್ಟಬೇಡಿ. ಆಮೇಲಿನ ಮೊದಲ ಹೆಜ್ಜೆಯನ್ನು ಎಲ್ಲರೂ ಒಟ್ಟಿಗೇ ಇಟ್ಟರಾ ಎಂದು ಕಿವಿಗೊಟ್ಟು ಕೇಳಿ.