ತೆರೆದ ಬಾಗಿಲು, ಕದಲದ ನಾಯಿ

ಪಂಜರದ ಬಾಗಿಲು ತೆರೆದಿದೆ. ಹೊರಗೆ ಹುಲ್ಲು, ಬಿಸಿಲು. ಆದರೂ ನಾಯಿ ಹೊರಗೆ ಬರುತ್ತಿಲ್ಲ, ಹಿಂದಿನ ಮೂಲೆಗೆ ಅಂಟಿಕೊಂಡು ಕೂತಿದೆ. ಪ್ರಯೋಗಕ್ಕೆ ನಾಯಿ ಬಳಸುವ ಲ್ಯಾಬ್‌ನಿಂದ ಬಿಡುಗಡೆಯಾದ ನಾಯಿಗಳ ಇಂಥ ವಿಡಿಯೋ ನೀವೂ ನೋಡಿರಬಹುದು. ಹಿಂದೆ ಪಿಯಾನೊ ಸದ್ದು ಕೇಳುತ್ತಿರುತ್ತದೆ. ಕೊನೆಗೊಮ್ಮೆ ಒಂದು ಪಾದ ಹುಲ್ಲಿಗೆ ತಾಗುತ್ತದೆ, ನಮ್ಮ ಕಣ್ಣು ಒದ್ದೆಯಾಗುತ್ತದೆ. ಇಷ್ಟಕ್ಕೆಲ್ಲ ಎರಡು ನಿಮಿಷ. ಅದೇ ನಾಯಿಯನ್ನು ಮನೆಗೆ ತಂದವರಿಗೆ ಆ ಒಂದು ಹೆಜ್ಜೆ ಒಂದು ವಾರ ಹಿಡಿಯಬಹುದು.

"ಪಾಪ, ಚೆನ್ನಾಗಿ ಹೊಡೆದಿರಬೇಕು" ಅಂತ ನಮಗೆ ಅನಿಸುತ್ತದೆ. ಹೊಡೆತವೇ ಬೀಳದ ನಾಯಿಯೂ ಹೀಗೇ ಕೂರಬಲ್ಲದು. ಯಾಕೆ ಅನ್ನುವುದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ವಿಚಿತ್ರ ಅಂದರೆ, ಆ ಉತ್ತರದ ದೊಡ್ಡ ಭಾಗವನ್ನು ಕಲಿಸಿದ್ದೂ ಲ್ಯಾಬ್‌ನ ನಾಯಿಗಳೇ.

ಮೊದಲು, ಇದು ಯಾವ ನಾಯಿ? ಹೆಚ್ಚಿನಂಶ ಬೀಗಲ್. ಸುಮಾರು ಹತ್ತು ಕಿಲೋ ತೂಕ, ಗಿಡ್ಡ ಕೂದಲು, ಜೋಲು ಕಿವಿ. ಮೊಲದ ಬೇಟೆಗೆ ಗುಂಪು ಗುಂಪಾಗಿ ಓಡಲೆಂದು ಬೆಳೆಸಿದ ತಳಿಯಾದ್ದರಿಂದ ಬೇರೆ ನಾಯಿಗಳ ಜೊತೆ ಜಗಳ ಕಡಿಮೆ. ನೋವು ಕೊಟ್ಟ ಕೈಯನ್ನೂ ಸುಲಭಕ್ಕೆ ಕಚ್ಚುವುದಿಲ್ಲ. ಒಳ್ಳೆಯ ಗುಣವೇ ಅದಕ್ಕೆ ಮುಳುವಾಯಿತು. ವಿಕಿರಣದಿಂದ ದೇಹಕ್ಕೆ ಏನಾಗುತ್ತದೆ ಎಂದು ತಿಳಿಯಲು 1950ರ ದಶಕದಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗದ ಹಣದಲ್ಲಿ ನಡೆದ ದೀರ್ಘ ಅಧ್ಯಯನಗಳಿಗೆ ಯೂಟಾ ಮತ್ತು ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಶ್ವವಿದ್ಯಾಲಯಗಳು ಬೀಗಲ್‌ಗಳನ್ನೇ ಸಾಕಿದವು. ಹೀಗೆ ಒಂದು ತಳಿಯ ಬಗ್ಗೆ ರಾಶಿ ರಾಶಿ ಮಾಹಿತಿ ಸೇರಿದ ಮೇಲೆ ತಳಿ ಬದಲಿಸುವುದು ಕಷ್ಟ. ಹೊಸ ಫಲಿತಾಂಶವನ್ನು ಹಳೆಯದರ ಜೊತೆ ಹೋಲಿಸಬೇಕಲ್ವಾ?

ಇನ್ನು ಔಷಧಿಗೂ ನಾಯಿಗೂ ಏನು ಸಂಬಂಧ? 1937ರಲ್ಲಿ ಅಮೆರಿಕದಲ್ಲಿ, ಸೋಂಕಿಗೆ ಕೊಡುವ ಸಲ್ಫಾ ಔಷಧಿಯನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿ ಸಿರಪ್ ಮಾಡಿ ಮಾರಿದರು. ಆ ದ್ರವ ವಿಷ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಮಕ್ಕಳು. ಮಾರುವ ಮುಂಚೆ ಅದನ್ನು ಯಾವ ಪ್ರಾಣಿಗೂ ಕೊಟ್ಟು ನೋಡಿರಲಿಲ್ಲ. ಮರುವರ್ಷವೇ, ಔಷಧಿ ಸುರಕ್ಷಿತ ಎಂದು ಮೊದಲು ತೋರಿಸಬೇಕು ಎನ್ನುವ ಕಾನೂನು ಬಂತು. ಮುಂದೆ ಅದು ಎರಡು ಬಗೆಯ ಪ್ರಾಣಿಗಳಲ್ಲಿ ಪರೀಕ್ಷಿಸುವ ರೂಢಿಯಾಗಿ ಬೆಳೆಯಿತು. ಒಂದು ಇಲಿಯ ಜಾತಿಯದು, ಇನ್ನೊಂದು ಅಲ್ಲದ್ದು. ಆ ಎರಡನೆಯ ಜಾಗಕ್ಕೆ ಎಷ್ಟೋ ಸಲ ನಾಯಿ ಬಂದು ನಿಂತಿತು. ಪ್ರಾಣಿ ಪರೀಕ್ಷೆಯೇ ಆಗಬೇಕೆಂಬ ಕಡ್ಡಾಯವನ್ನು ಅಮೆರಿಕ ಕಾನೂನಿನಿಂದ ತೆಗೆದದ್ದು 2022ರ ಡಿಸೆಂಬರ್‌ನಲ್ಲಿ.

ವಿಡಿಯೋಗಳು ಹೇಳದ ಇನ್ನೊಂದು ಸಂಗತಿಯಿದೆ. ಔಷಧಿ ದೇಹಕ್ಕೆ ವಿಷವಾಗುತ್ತದೆಯೇ ಎಂದು ನೋಡುವ ಪರೀಕ್ಷೆಯ ಕೊನೆಯ ಹಂತ ಸಾಮಾನ್ಯವಾಗಿ ಶವಪರೀಕ್ಷೆ. ಲಿವರ್, ಕಿಡ್ನಿ, ಹೃದಯವನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಅಂದಮೇಲೆ ಆ ನಾಯಿಗಳು ನಿವೃತ್ತಿಯಾಗುವ ಪ್ರಶ್ನೆಯೇ ಇಲ್ಲ. ಹೊರಗೆ ಬರುವಂಥವು ಬೇರೆ. ಔಷಧಿ ರಕ್ತದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ನೋಡಲು ಸಣ್ಣ ಪ್ರಮಾಣ ಕೊಟ್ಟು ರಕ್ತ ತೆಗೆಸಿಕೊಂಡವು, ಪಶುವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಇಟ್ಟುಕೊಂಡವು, ಮರಿ ಹಾಕಿಸಲು ಸಾಕಿದವು. "ನಿವೃತ್ತ" ಎಂಬ ಮಾತು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇದು ಎಲ್ಲರಿಗೂ ಸಿಗುವ ನಿವೃತ್ತಿ ಅಲ್ಲ.

ಈಗ ಮತ್ತೆ ಆ ಮೂಲೆಗೆ ಬರೋಣ.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಒಂದು ಪ್ರಯೋಗ ಮಾಡಿದರು, ಅದು 1961ರಲ್ಲಿ ಪ್ರಕಟವಾಯಿತು. ನಾಯಿಮರಿಗಳನ್ನು ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವು ಮರಿಗಳನ್ನು ತಂದು ಒಂದು ವಾರ ಜನರ ಜೊತೆ ಇಟ್ಟರು. ಸರಿಯಾದ ವಯಸ್ಸಿನಲ್ಲಿ ಆ ಒಂದು ವಾರ ಸಿಕ್ಕ ಮರಿಗಳು ಮನುಷ್ಯರಿಗೆ ಹೊಂದಿಕೊಂಡವು. 14 ವಾರದವರೆಗೂ ಸಂಪರ್ಕವೇ ಸಿಗದವು ಕಾಡುಪ್ರಾಣಿಗಳಂತೆ ಹೆದರಿ ದೂರ ಓಡಿದವು. ಅಲ್ಲಿ ಯಾರೂ ಅವುಗಳನ್ನು ಹೊಡೆದಿರಲಿಲ್ಲ. ಸುಮಾರು 3ರಿಂದ 12 ವಾರದ ನಡುವೆ ಮರಿಯ ಮಿದುಳು "ಲೋಕದಲ್ಲಿ ಏನೇನಿದೆ" ಎಂದು ಪಟ್ಟಿ ಮಾಡಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಆಮೇಲೆ ಅನುಮಾನದ ವಸ್ತು.

ಲ್ಯಾಬ್‌ಗಾಗಿ ಸಾಕಿದ ಮರಿಯ ಪಟ್ಟಿ ತುಂಬಾ ಚಿಕ್ಕದು. ತೊಳೆದ ನೆಲ, ಹೊತ್ತಿಗೆ ಸರಿಯಾಗಿ ಹತ್ತಿ ಆರುವ ದೀಪ, ಒಂದೇ ಬಗೆಯ ಆಹಾರ, ಪಕ್ಕದ ನಾಯಿಗಳು, ಕೆಲವು ಮನುಷ್ಯರು. ಮೆಟ್ಟಿಲಿಲ್ಲ, ಮಳೆಯಿಲ್ಲ. ಮಿಕ್ಸಿ, ಸ್ಕೂಟರ್, ಕನ್ನಡಿಯಲ್ಲಿ ಕಾಣುವ ಇನ್ನೊಂದು ನಾಯಿ, ಯಾವುದೂ ಇಲ್ಲ. ಹುಲ್ಲು ಸ್ವರ್ಗ ಅಂತ ನಮಗೆ ಅನಿಸುತ್ತದೆ. ಅದಕ್ಕೆ ಅದು ಕಾಲಡಿ ಅಲುಗಾಡುವ ಯಾವುದೋ ಒದ್ದೆ ವಸ್ತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ನಾಯಿಯ ವಿಷಯದಲ್ಲಿ ಈ ಗಾದೆ ಅರ್ಧ ಮಾತ್ರ ನಿಜ. ಮನೆಗಳಿಗೆ ಹೋದ ಲ್ಯಾಬ್ ಬೀಗಲ್‌ಗಳ ಬಗ್ಗೆ ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚಿನವು ದಿನನಿತ್ಯದ ಸಂದರ್ಭಗಳಲ್ಲಿ ಸ್ನೇಹದಿಂದ, ಸಮಾಧಾನದಿಂದ ಇದ್ದವು. ಇದನ್ನು ಓದಿ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಅಳಿಸುವ ವಿಡಿಯೋಗಳನ್ನೇ ನೋಡಿ ನೋಡಿ ನಾನು ಬೇರೆ ಏನೋ ಅಂದುಕೊಂಡಿದ್ದೆ.

ಎರಡನೇ ಉತ್ತರ ಇನ್ನೂ ಆಳದ್ದು, ಓದಲು ಕಷ್ಟದ್ದು ಕೂಡ. 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಕೆಲವು ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟರು. ನಾಯಿ ಏನು ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಆಮೇಲೆ ಅದೇ ನಾಯಿಗಳನ್ನು, ನಡುವೆ ಒಂದು ಗಿಡ್ಡ ಅಡ್ಡಗೋಡೆ ಇರುವ ಪೆಟ್ಟಿಗೆಯಲ್ಲಿ ಬಿಟ್ಟರು. ಈ ಸಲ ಆಚೆಗೆ ಹಾರಿದರೆ ಆಘಾತ ತಪ್ಪುತ್ತಿತ್ತು. ಬಹುಪಾಲು ನಾಯಿಗಳು ಹಾರಲೇ ಇಲ್ಲ. ಬಿದ್ದುಕೊಂಡು ಸಹಿಸಿದವು. ಮರುವರ್ಷ ಪ್ರಕಟವಾದ ಇನ್ನೊಂದು ಕೆಲಸದಲ್ಲಿ, ಇಂಥ ನಾಯಿಗಳನ್ನು ಹಗ್ಗ ಹಿಡಿದು ಮತ್ತೆ ಮತ್ತೆ ಆಚೆಗೆ ಎಳೆದು ತೋರಿಸಿದ ಮೇಲಷ್ಟೇ ತಾವಾಗಿ ಹಾರಲು ಕಲಿತವು. "ಏನು ಮಾಡಿದರೂ ಅಷ್ಟೇ" ಎಂಬುದನ್ನು ನಾಯಿ ಕಲಿತುಬಿಟ್ಟಿದೆ ಎಂದು ಅವರು ಅರ್ಥ ಮಾಡಿದರು. ದಶಕಗಳ ಕಾಲ ಪಠ್ಯಪುಸ್ತಕಗಳು ಅದನ್ನೇ ಹೇಳಿದವು.

2016ರಲ್ಲಿ ಅದೇ ಇಬ್ಬರು ತಮ್ಮ ಮಾತನ್ನು ತಾವೇ ತಿರುಗಿಸಿದರು. ಐವತ್ತು ವರ್ಷದ ಮೇಲೆ "ನಾವು ತಲೆಕೆಳಗಾಗಿ ಹೇಳಿದ್ದೆವು" ಎಂದು ಒಪ್ಪುವವರು ಎಷ್ಟು ಜನ ಸಿಗುತ್ತಾರೆ? ಈ ನಡುವೆ ಇಲಿಗಳ ಮಿದುಳಿನ ಮೇಲೆ ನಡೆದ ಕೆಲಸ ಬೇರೆಯೇ ಚಿತ್ರ ಕೊಟ್ಟಿತ್ತು. ತಪ್ಪಿಸಿಕೊಳ್ಳಲಾಗದ ಕಷ್ಟ ಮುಂದುವರಿದರೆ ಕೈಚೆಲ್ಲಿ ಕೂರುವುದನ್ನು ಯಾರೂ ಕಲಿಸಬೇಕಿಲ್ಲ, ಅದು ಮಿದುಳಿನ ಮೂಲ ಪ್ರತಿಕ್ರಿಯೆ. ಕಲಿಯಬೇಕಾದದ್ದು ಇನ್ನೊಂದು: "ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗುತ್ತದೆ" ಎಂಬುದು. ಅದನ್ನು ಕಲಿತಾಗ ಮಿದುಳಿನ ಮುಂಭಾಗ ಆ ಮೂಲ ಪ್ರತಿಕ್ರಿಯೆಗೆ ಕಡಿವಾಣ ಹಾಕುತ್ತದೆ.

ದತ್ತು ತೆಗೆದುಕೊಳ್ಳುವವರಿಗೆ ನನ್ನ ಪ್ರಕಾರ ಮುಖ್ಯವಾದದ್ದು ಇದೇ. ಲ್ಯಾಬ್‌ನಲ್ಲಿ ಊಟ ಯಾವಾಗ, ಬೆಳಕು ಯಾವಾಗ, ಯಾರು ಮುಟ್ಟಬೇಕು, ಒಂದೂ ನಾಯಿಯ ಕೈಲಿರಲಿಲ್ಲ. ನಾವು ಅದನ್ನು ತಂದು ತಬ್ಬಿಕೊಂಡು ಮುದ್ದು ಮಾಡುತ್ತೇವೆ. ಆಗಲೂ ತೀರ್ಮಾನ ನಮ್ಮದೇ ಆಯಿತಲ್ಲ? ಹಗ್ಗ ಹಿಡಿದು ಮೆಟ್ಟಿಲ ಮೇಲೆ ಎಳೆಯುವುದಂತೂ ಹೆದರಿದವರ ಮೇಲೆ ಹಾವೆಸೆದ ಹಾಗೆ. ಬಾಗಿಲು ತೆರೆದಿಟ್ಟು ಸುಮ್ನೆ ಪಕ್ಕದಲ್ಲಿ ನೆಲದ ಮೇಲೆ ಕೂರುವುದು ವಾಸಿ. ಮಲಗಲು ಎರಡು ಜಾಗ ಮಾಡಿಟ್ಟು, ಎಲ್ಲಿ ಮಲಗಬೇಕೋ ಅದೇ ಆರಿಸಿಕೊಳ್ಳಲಿ ಎಂದು ಬಿಡಿ. ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಮೂಗು ಮುಂದೆ ತಂದರೆ ಇನ್ನಷ್ಟು ಸವರಿ, ಮುಖ ತಿರುಗಿಸಿದರೆ ಅಲ್ಲಿಗೆ ಬಿಡಿ. ಮನೆಯಲ್ಲಿ ಧೈರ್ಯದ ಇನ್ನೊಂದು ನಾಯಿ ಇದ್ದರೆ ಅರ್ಧ ಪಾಠ ಅದೇ ಹೇಳಿಕೊಡುತ್ತದೆ. ಬೀಗಲ್ ಗುಂಪಿನ ಪ್ರಾಣಿ, ಮುಂದಿನವನನ್ನು ನೋಡಿ ಕಾಲಿಡುತ್ತದೆ.

ಮನೆಯೊಳಗೆ ಗಲೀಜು ಮಾಡಿತೆಂದು ಬೈಯಬೇಡಿ. ಇದ್ದ ಜಾಗದಲ್ಲೇ ಮಾಡಿ, ಯಾರೋ ಬಂದು ತೊಳೆಯುವುದೇ ಅದಕ್ಕೆ ಗೊತ್ತಿರುವ ಪದ್ಧತಿ. "ಒಳಗೆ", "ಹೊರಗೆ" ಎಂಬ ವ್ಯತ್ಯಾಸವೇ ಹೊಸದು. ಪುಟ್ಟ ಮರಿಗೆ ಕಲಿಸುವಂತೆ ಎದ್ದ ಕೂಡಲೇ, ಉಂಡ ಕೂಡಲೇ ಹೊರಗೆ ಕರೆದುಕೊಂಡು ಹೋಗಬೇಕು, ಅಷ್ಟೇ. ಮೊದಲ ವಾರಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ತಪ್ಪಿಸಿಕೊಂಡು ಓಡುವುದು. ಪಟಾಕಿಯೋ ಲಾರಿಯೋ ಸದ್ದು ಮಾಡಿದರೆ ಕತ್ತಿನ ಪಟ್ಟಿಯಿಂದ ತಲೆ ಜಾರಿಸಿಕೊಂಡು ಹೊರಟುಬಿಡುತ್ತದೆ. ಹಾಗಾಗಿ ಪಟ್ಟಿಯ ಜೊತೆ ಎದೆಗೂ ಬೆಲ್ಟ್ ಕಟ್ಟಬೇಕು. ಹೆಸರು ಕೂಗಿದರೆ ನಿಲ್ಲುತ್ತದೆ ಎಂದು ನಂಬಬೇಡಿ. ಹೆಸರಿಟ್ಟು ಇನ್ನೂ ನಾಲ್ಕು ದಿನ. ಅದಕ್ಕೂ ಮುಂಚೆ ಎಷ್ಟೋ ನಾಯಿಗಳಿಗೆ ಇದ್ದದ್ದು ಕಿವಿಯೊಳಗೆ ಹಚ್ಚೆ ಹಾಕಿದ ಒಂದು ನಂಬರ್ ಮಾತ್ರ.

ಇಂಥ ನಾಯಿಗಳನ್ನು ಮನೆಗೆ ಕೊಡಬಹುದು ಎಂದು ಐರೋಪ್ಯ ಒಕ್ಕೂಟದ 2010ರ ನಿರ್ದೇಶನ ಹೇಳಿತು, ಆರೋಗ್ಯ ಸರಿಯಿದ್ದರೆ ಎಂಬ ಷರತ್ತಿನೊಂದಿಗೆ. ಅಮೆರಿಕದಲ್ಲಿ ಮಿನೆಸೋಟ ರಾಜ್ಯ 2014ರಲ್ಲಿ ಇದಕ್ಕೆ ಕಾನೂನು ಮಾಡಿತು, ಆಮೇಲೆ ಬೇರೆ ರಾಜ್ಯಗಳೂ ಮಾಡಿದವು. 2022ರಲ್ಲಿ ವರ್ಜೀನಿಯಾದ ಕಂಬರ್ಲ್ಯಾಂಡ್‌ನಲ್ಲಿ, ಲ್ಯಾಬ್‌ಗಳಿಗೆ ಬೀಗಲ್ ಬೆಳೆಸಿ ಮಾರುತ್ತಿದ್ದ ಕೇಂದ್ರವೊಂದನ್ನು ಮುಚ್ಚಿಸಿದಾಗ ಸುಮಾರು 4,000 ನಾಯಿಗಳು ಹೊರಬಂದವು. ಅಷ್ಟೂ ನಾಯಿಗಳಿಗೆ ಮನೆ ಹುಡುಕುವ ಕೆಲಸ ಶುರುವಾಯಿತು.

ತಂದ ನಾಯಿಯನ್ನು ಮೊದಲ ಸಲ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದಾಗ "ಎಷ್ಟು ಒಳ್ಳೆ ನಾಯಿ, ಅಲ್ಲಾಡುವುದೇ ಇಲ್ಲ" ಎಂಬ ಮಾತು ಕೇಳಬಹುದು. ಮುಂಗಾಲು ಹಿಡಿದರೆ ಕಲ್ಲಿನಂತೆ ನಿಲ್ಲುತ್ತದೆ. ರಕ್ತ ತೆಗೆಯುವಾಗ ಹೀಗೇ ನಿಂತು ನಿಂತು ಅಭ್ಯಾಸವಾಗಿದೆ. ಅದನ್ನು ಶಾಂತಿ ಎಂದು ತಿಳಿಯಬೇಡಿ. ತಿಂಗಳುಗಳು ಕಳೆದ ಮೇಲೆ ಒಂದು ಸಂಜೆ ಉಗುರು ಕತ್ತರಿಸಲು ಕೂರುತ್ತೀರಿ. ನಾಯಿ ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ನಿಮ್ಮ ಮುಖ ನೋಡುತ್ತದೆ. ಕತ್ತರಿ ಕೆಳಗಿಡಿ. ಉಗುರು ನಾಳೆ ನೋಡಿದರಾಯಿತು.